ಆಸ್ಕ್ ನೆಕ್ಕಿದ ನಾಲಿಗೆ

ಮಾರ್ಚ್ 18, ಸೋಮವಾರ

ಮತ್ತೆ ಟೋಸ್ಟು. ಜಾಮ್ ಅಡುಗೆಮನೆಯಲ್ಲಿತ್ತು, ಆದರೆ ಅಲ್ಲಿ ನನ್ನ ಕ್ಲಾಸಿನ ಮೊರ್ವೆನ್ ಗುಂಪು ಕೂತಿತ್ತು. ಹಾಗಾಗಿ ಬರೀ ಟೋಸ್ಟು. ಬಾಯಿ ತೆರೆದರೆ ತಾನೆ ತೊಂದರೆ. ಹೋದ ವಾರ "ಯಾರಾದರೂ ನನ್ನ ಬಟ್ಟಲನ್ನು ನೋಡಿದಿರಾ?" ಅಂದಿದ್ದೆ, ಅಷ್ಟೆ. ಇನ್ನೂ ಅದನ್ನೇ ಮೂಗಿನಲ್ಲಿ ಆಡಿ ತೋರಿಸುತ್ತಿದ್ದಾರೆ.

ಇಂಗ್ಲೆಂಡಿನ ಹಾಸ್ಟೆಲ್ ಶಾಲೆಯಲ್ಲಿ ನನಗೆ "ಸ್ಕಾಚ್ ಎಗ್" ಅಂತ ತಿಂಡಿಯೊಂದರ ಹೆಸರಿಟ್ಟಿದ್ದರು. ಅಮ್ಮ ಸ್ಕಾಟ್ಲೆಂಡಿನವಳಲ್ಲವೆ. ಇಲ್ಲಿ ಗ್ಲಾಸ್ಗೋ ಯೂನಿವರ್ಸಿಟಿಗೆ ಬಂದರೆ ನಾನು ಇಂಗ್ಲೆಂಡಿನವಳು, ಅಪ್ಪನ ಕಡೆಯವಳು. ಅರ್ಧ-ಅರ್ಧ ಅಂದರೆ ಎರಡು ಮನೆ ಅಂದುಕೊಂಡಿದ್ದೆ. ಎರಡೂ ಕಡೆ ಜಗಲಿಯೇ.

ಡಾ. ಗಿಲ್‌ಕ್ರಿಸ್ಟ್ ಇವತ್ತು ಟ್ಯುಟೋರಿಯಲ್‌ಗೆ ಬಿಸ್ಕತ್ತಿನ ಡಬ್ಬ ತಂದಿದ್ದರು. ಒಳಗೆ ಬಿಸ್ಕತ್ತಿಲ್ಲ, ಚೀಟಿ. ಒಬ್ಬೊಬ್ಬರಿಗೆ ಸ್ಕಾಟ್ಸ್‌ನ, ಅಂದರೆ ಸ್ಕಾಟ್ಲೆಂಡಿನ ಮನೆಮಾತಿನ, ಒಂದೊಂದು ಪದ. ಅದರ ಚರಿತ್ರೆ ಹುಡುಕಬೇಕು — ಮೊದಲು ಕಾಗದ ಹತ್ತಿದ ಕಾಲದಿಂದ ಈಗ ಬದುಕಿರುವವರ ಬಾಯಿಯವರೆಗೆ. ಆ ಬಾಯಿಯೇ ಮುಖ್ಯ. ಪದವನ್ನು ಹುಟ್ಟಿನಿಂದ ಆಡಿದ ಒಬ್ಬರ ದನಿ ರೆಕಾರ್ಡ್ ಆಗಿರಬೇಕು. "ಈ ಪದ ಹೇಳಿ" ಎಂದು ಹೇಳಿಸಿದ್ದು ನಡೆಯದು, ಮಾತಿನ ನಡುವೆ ತಾನಾಗಿ ಬರಬೇಕು. ಆಡಿದವರ ಒಪ್ಪಿಗೆಯೂ ಬೇಕು. ದನಿ ಇಲ್ಲದವರು ಫೇಲ್.

ಮೊರ್ವೆನ್‌ಗೆ ಜಿಟಿಜಿಟಿ ಮಳೆಯ ಪದ. ಅವಳ ಊರಲ್ಲಿ ಹತ್ತು ಮಂದಿ ಸಿಗುತ್ತಾರೆ. ನನ್ನ ಚೀಟಿಯಲ್ಲಿ: ಆಸ್ಕ್. ಅಂದರೆ ಹಲ್ಲಿ.

"ಅಯ್ಯೋ ಮಹಾರಾಣಿಗೆ ಹಲ್ಲಿ ಬಿತ್ತಲ್ಲಪ್ಪಾ," ಅಂದಳು ಮೊರ್ವೆನ್. "ನಿಮ್ಮ ಅರಮನೇಲಿ ಇರುತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಬಿಸಿ.

ಮೊದಲ ಟರ್ಮಿನಲ್ಲಿ ಒಂದು ಪೇಪರ್ ಹೋಗಿದೆ. ಇದೂ ಹೋದರೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ. ಅಪ್ಪ ಆಗಲೇ ಹೇಳಿಟ್ಟಿದ್ದಾರೆ — ಇಂಗ್ಲೆಂಡಿಗೆ, ಸರ್ರೆಯ ಮನೆಗೆ ವಾಪಸ್ಸು ಬಾ, ಚಿಕ್ಕಪ್ಪನ ಆಫೀಸಿನಲ್ಲಿ ಮನೆ ಮಾರುವುದನ್ನು ಕಲಿ.


ಮಾರ್ಚ್ 23

ಇಡೀ ದಿನ ಲೈಬ್ರರಿ. ಮಾತಾಡುವ ಅಗತ್ಯವಿಲ್ಲದ ಜಾಗ, ಆದ್ದರಿಂದ ಇಷ್ಟ.

ಪದ ಬಹಳ ಹಳೆಯದು. ಇಂಗ್ಲಿಷ್, ಸ್ಕಾಟ್ಸ್ ಅಂತ ಬೇರೆಯಾಗುವ ಮೊದಲಿನದು. ಆಗ ಇನ್ನೂ ಉದ್ದವಿತ್ತು, ನಡುವೆ ಹಲ್ಲಿನಿಂದ ಗಾಳಿ ಬಿಡುವ ಒಂದು ಸದ್ದು ಇತ್ತು. ಜರ್ಮನರ ಹಲ್ಲಿಯ ಪದವೂ ಅದೇ ಬೇರಿನದು. ಉತ್ತರಕ್ಕೆ ಬರುತ್ತ ಬರುತ್ತ ನಡುವಿನದೆಲ್ಲ ಉದುರಿ ಇಷ್ಟೇ ಉಳಿಯಿತು. ಹಲ್ಲಿ ಬಾಲ ಬಿಟ್ಟು ಓಡಿದ ಹಾಗೆ. ಐನೂರು ವರ್ಷದ ಹಿಂದಿನ ಸ್ಕಾಟ್ಸ್ ಪದ್ಯಗಳಲ್ಲಿ ಕಪ್ಪೆ, ಹಾವುಗಳ ಜೊತೆ ಹಾಳು ಜಾಗಗಳಲ್ಲಿ ಹರಿದಾಡುತ್ತದೆ. ಆಮೇಲೆ ನೀರಿನಲ್ಲಿ ಇರುವ ಬಾಲದ ಜೀವಿಗೂ ಅದೇ ಹೆಸರಾಯಿತು. ಜನ ಎರಡನ್ನೂ ಬೇರೆ ಮಾಡಲಿಲ್ಲ.

ದಕ್ಷಿಣದ ಜಿಲ್ಲೆಗಳಲ್ಲಿ ಅದಕ್ಕೆ ಇನ್ನೊಂದು ಹೆಸರು: ಮನುಷ್ಯರನ್ನು ಕಾಯುವವನು. ಬಯಲಲ್ಲಿ ಮಲಗಿದವನ ಹತ್ತಿರ ವಿಷದ ಹಾವು ಬಂದರೆ ಇದು ಎಬ್ಬಿಸುತ್ತದಂತೆ. ಕಡಲಾಚೆ ಐರ್ಲೆಂಡಿನಲ್ಲಿ ಅದೇ ಪ್ರಾಣಿಗೆ ಹೆದರುತ್ತಾರೆ. ಬಾಯಿ ತೆರೆದು ಮಲಗಿದರೆ ಗಂಟಲಿಗೆ ಇಳಿಯುತ್ತದಂತೆ. ನನಗೆ ಎರಡನೆಯದು ಹೆಚ್ಚು ನಂಬಿಕೆಯಾಯಿತು. ನನ್ನ ಗಂಟಲಲ್ಲಿ ಏನೋ ಕೂತೇ ಇದೆ.

ಕಾಗದದ್ದು ಸಿಕ್ಕಿತು. ಬಾಯಿ?

ಅಮ್ಮನ ತವರು ಸ್ಕಾಟ್ಲೆಂಡಿನ ದಕ್ಷಿಣದ ಗ್ಯಾಲೊವೇ ಗುಡ್ಡದಲ್ಲಿ. ಅಜ್ಜಿ ಇದ್ದಾಳೆ, ನೆಟಾ ಅಜ್ಜಿ. ಎಕ್ ಮಾವನ ಜೊತೆ ಕುರಿ ಫಾರ್ಮಿನಲ್ಲಿ. ನಾನು ಅಲ್ಲಿಗೆ ಹೋಗಿದ್ದೇ ನಾಲ್ಕೈದು ಸಲ.

ಆದರೆ ಅಜ್ಜಿ ನನ್ನ ಜೊತೆ ಇಂಗ್ಲಿಷನ್ನೇ ಆಡುವುದು. ಗಂಜಿ ಹಾಕಿ ಇಸ್ತ್ರಿ ಮಾಡಿದ ಇಂಗ್ಲಿಷ್.


ಏಪ್ರಿಲ್ 9, ಮಂಗಳವಾರ

ಬಸ್ಸು ಕೂಡುದಾರಿಯಲ್ಲಿ ಇಳಿಸಿ ಹೋಯಿತು. ಇನ್ನು ಬರುವುದು ಶುಕ್ರವಾರ. ಮಾವ ಪಿಕಪ್ಪಿನಲ್ಲಿ ಬಂದರು, ಮೈಯೆಲ್ಲ ಕುರಿ ವಾಸನೆ. ಮರಿ ಹಾಕುವ ಕಾಲ. ದಾರಿಯುದ್ದಕ್ಕೂ ನಾಯಿಯ ಜೊತೆಗೇ ಮಾತು.

"ಸರ್ಕೊಳ್ಳೋ ಟ್ವೀಡು, ಲಂಡನ್‌ನೋರ್ ಬಂದವ್ರೆ, ಜಾಗ ಬಿಡೋ ದಂಡಪಿಂಡ."

"ನಾನು ಲಂಡನ್ನಿನವಳಲ್ಲ ಮಾವ."

"ಇಲ್ಲಿಂದ ನೋಡೋರ್ಗೆ ಎಲ್ಲಾ ಒಂದೇ ಕಣಮ್ಮ."

ಮನೆಯವರು ಹಿಂಬಾಗಿಲಿಂದ ಓಡಾಡುತ್ತಾರೆ. ಹಿಂಬಾಗಿಲು ನೇರ ಅಡುಗೆಮನೆಗೆ. ಮುಂಬಾಗಿಲಿನ ಬುಡಕ್ಕೆ ಗಾಳಿ ಬಾರದ ಹಾಗೆ ಮರಳು ತುಂಬಿದ ಬಟ್ಟೆಯ ಸುರುಳಿ ಒತ್ತಿರುತ್ತದೆ. ಅದನ್ನು ತೆರೆಯುವುದು ಪಾದ್ರಿ ಬಂದಾಗ, ಶವಪೆಟ್ಟಿಗೆ ಹೊರಟಾಗ, ಮತ್ತೆ ನಾನು ಬಂದಾಗ. ಮಾವ ಪಿಕಪ್ಪು ಹಿಂದಕ್ಕೆ ತಿರುಗಿಸುವ ಮೊದಲು ನನ್ನನ್ನು ಮುಂದೆಯೇ ಇಳಿಸಿದರು. ಒಳಗಿಂದ ಸುರುಳಿ ಎಳೆಯುವ ಸದ್ದು, ಚಿಲಕ ತೆಗೆಯಲು ಒದ್ದಾಡುವ ಸದ್ದು. ಅಜ್ಜಿ ಏಪ್ರನ್ ಬಿಚ್ಚಿ ಬೆನ್ನ ಹಿಂದೆ ಹಿಡಿದಿದ್ದಳು.

"ಸುಸ್ವಾಗತ, ಹ್ಯಾರಿಯೆಟ್. ಪ್ರಯಾಣವು ಸುಖಕರವಾಗಿತ್ತೇ?"

"ಸುಖವಾಗಿತ್ತು ಅಜ್ಜಿ."

"ದಯವಿಟ್ಟು ಮುಂದಿನ ಕೋಣೆಗೆ ಬಾ. ಚಹಾ ಸಿದ್ಧವಾಗಿದೆ."

ಅತಿಥಿಗಳಿಗೆ ಇಟ್ಟ ಹೂವಿನ ಚಿತ್ರದ ಕಪ್ಪು. ಬೆಂಕಿ ಈಗಷ್ಟೇ ಹಚ್ಚಿದ್ದು, ಕೋಣೆ ಇನ್ನೂ ಥಂಡಿ. ಗಡಿಯಾರ, ತಾತನ ಫೋಟೋ, ನಾನು.


ಏಪ್ರಿಲ್ 11

ಮಳೆ. ಮುಂದಿನ ಕೋಣೆಯಲ್ಲೇ ಬರೆಯುತ್ತಿದ್ದೇನೆ. ಗೋಡೆಯ ಆಚೆ ಅಡುಗೆಮನೆ. ಅಂಚೆಯ ಸೇಡೀ ಬಂದಿದ್ದಾಳೆ. ಅಜ್ಜಿ ಏನೋ ಹೇಳುತ್ತಿದ್ದಾಳೆ — ಕೇಳಿಸುತ್ತದೆ, ಆ ದನಿ ನನಗೆ ಗೊತ್ತೇ ಇಲ್ಲ. ದಪ್ಪ ದನಿ, ಜೋರು, ಮೇಲೆ ಏರಿ ದಡಕ್ಕನೆ ಬೀಳುವ ದನಿ.

"...ಅವ್ನ ಮುಸುಡಿಗಿಷ್ಟು! 'ನೆಟಾ, ಈ ಟಗರು ಸಾಧು ಕಣೆ' ಅಂದ. ಸಾಧುವಂತೆ ಸಾಧು! ಮೂರು ಬೇಲಿ ಹಾರ್‌ಕೊಂಡು ಪಾದ್ರಿ ಹೆಂಡ್ತಿ ಕೋಸಿನ್ ತೋಟದಲ್ಲಿ ಕೂತಿತ್ತು ನನ್ಮಗಂದು..."

ಸೇಡೀ ಉಸಿರು ಸಿಗದೆ ನಗುತ್ತಿದ್ದಳು. ನಾನು ಎದ್ದೆ. ಬಾಗಿಲು ತೆರೆದೆ.

ಮಾತು ನಿಂತಿತು. ಕುದಿಯುವ ಹಾಲಿಗೆ ತಣ್ಣೀರು ಚಿಮುಕಿಸಿದ ಹಾಗೆ.

"ನಿನಗೆ ಏನಾದರೂ ಬೇಕಾಗಿತ್ತೇ, ಹ್ಯಾರಿಯೆಟ್?"

"ಇಲ್ಲ... ಸುಮ್ಮನೆ ಬಂದೆ. ಇಲ್ಲೇ ಕೂರಬಹುದಾ?"

"ಇಲ್ಲಿ ತುಂಬ ಗಲೀಜಾಗಿದೆ. ಮುಂದಿನ ಕೋಣೆಯಲ್ಲಿ ಬೆಂಕಿ ಇದೆಯಲ್ಲವೇ?"

ಒಲೆಯ ಪಕ್ಕದ ರಟ್ಟಿನ ಡಬ್ಬದಲ್ಲಿ, ಹಳೆಯ ಸ್ವೆಟರ್ ಮೇಲೆ, ಆಗಷ್ಟೇ ಹುಟ್ಟಿದ ಒದ್ದೆ ಕುರಿಮರಿ ಮಲಗಿತ್ತು. ಅದಕ್ಕೆ ಅಡುಗೆಮನೆಯಲ್ಲಿ ಜಾಗ ಇದೆ.

ವಾಪಸ್ಸು ಬಂದು ಕೂತೆ. ಆಚೆ ಪಿಸುಮಾತು, ಆಮೇಲೆ ಅದೂ ಇಲ್ಲ. ಸೇಡೀ ಹೊರಟುಹೋದಳು. ನಾನು ಬಂದರೆ ಮನೆಯ ಮಾತೇ ನಿಂತುಹೋಗುತ್ತದೆ. ಹೀಗಿರುವಾಗ ಆ ಪದ ತಾನಾಗಿ ಬರುವುದು ಎಲ್ಲಿಂದ?


ಏಪ್ರಿಲ್ 12, ಶುಕ್ರವಾರ. ಮಧ್ಯಾಹ್ನ

ಬಸ್ಸಿಗೆ ಹೋಗಿಬಿಡಬೇಕಿತ್ತು. ಹೋಗಲಿಲ್ಲ. ಒಂದು ಉಪಾಯ ಹೊಳೆದಿತ್ತು. ಥೂ. ಉಪಾಯವಂತೆ.

ನಾನೇ ಅಜ್ಜಿಯ ಹಾಗೆ ಮಾತಾಡಿದರೆ ಅವಳಿಗೆ ಸಲಿಗೆ ಬರುತ್ತದೆ ಅಂದುಕೊಂಡೆ. ಬೆಳಿಗ್ಗೆ ಸ್ನಾನದ ಕೋಣೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ. ಮೊರ್ವೆನ್ ಹೇಗೆ ಎಳೆಯುತ್ತಾಳೆ, ಸೇಡೀ ಹೇಗೆ ಮುರಿಯುತ್ತಾಳೆ. ತಿಂಡಿಗೆ ಅಜ್ಜಿ ಗಂಜಿ ತಂದಿಟ್ಟಳು. ಕುತ್ತಿಗೆ ಒಂದು ಕಡೆ ವಾಲಿಸಿ — ಯಾಕೆ ವಾಲಿಸಿದೆನೋ — ಅಂದೆ:

"ಏನ್ ಅಜ್ಜವ್ವಾ, ಗಂಜಿ ಸಂದಾಗದೆ ಕಣವ್ವೋ! ಗುಡ್ಡದ್ ಮ್ಯಾಗೆ ಆಸ್ಕ್ ಗೀಸ್ಕ್ ಅವ್ಯಾ?"

ಅಜ್ಜಿ ಚಮಚ ಇಟ್ಟಳು. ಮುಖ ಸುಣ್ಣದ ಗೋಡೆ.

"ನನ್ನ ಮಾತು ನಿನಗೆ ನಗೆಯ ವಸ್ತುವಾಗಿ ಕಂಡಿತೇ?"

"ಅಯ್ಯೋ ಇಲ್ಲ ಅಜ್ಜಿ, ನಾನು —"

"ನಿನ್ನ ತಂದೆಯ ಕಡೆಯವರು ನಿನ್ನ ತಾಯಿಯ ಮದುವೆಯ ಊಟದಲ್ಲಿ ಇದನ್ನೇ ಮಾಡಿದ್ದರು. ಕುತ್ತಿಗೆಯನ್ನು ಹೀಗೆಯೇ ವಾಲಿಸಿಕೊಂಡು."

ಬಟ್ಟಲು ಎತ್ತಿಕೊಂಡು ಹೋದಳು. ಅರ್ಧ ತಿಂದಿದ್ದೆ. ಆಗಿನಿಂದ ಒಂದು ಮಾತಿಲ್ಲ. ಇಸ್ತ್ರಿ ಮಾಡಿದ್ದೂ ಇಲ್ಲ.

ಮೊರ್ವೆನ್ ನನ್ನ ಬಟ್ಟಲಿನ ಮಾತನ್ನು ಆಡಿ ತೋರಿಸಿದಾಗ ನನಗೆ ಆದದ್ದೇ ಅವಳಿಗೂ... ನಾನು ಮಾಡಿದೆ. ನಾನೇ.

ಮುಂದಿನ ಬಸ್ಸು ಮಂಗಳವಾರ. ಫೋನಿಗೆ ಸಿಗ್ನಲ್ ಇಲ್ಲ. ಗಡಿಯಾರ, ತಾತ, ನಾನು.


ಏಪ್ರಿಲ್ 13

ಮಾವನ ಜೊತೆ ಗುಡ್ಡಕ್ಕೆ ಹೋದೆ. ಮನೆಯಲ್ಲಿ ಉಸಿರಾಡಲು ಆಗುತ್ತಿರಲಿಲ್ಲ. ಮಾವ ಸತ್ತ ಮರಿಯ ಚರ್ಮ ಸುಲಿದು ಅದನ್ನು ಒಂದು ತಬ್ಬಲಿ ಮರಿಗೆ ಅಂಗಿಯಂತೆ ತೊಡಿಸಿದರು. ಮರಿ ಕಳೆದುಕೊಂಡ ತಾಯಿ ಮೂಸಿ ನೋಡಿತು, ತನ್ನದೇ ಅಂದುಕೊಂಡು ಹಾಲಿಗೆ ಬಿಟ್ಟುಕೊಂಡಿತು. ಹಾಗಾದರೆ ವೇಷ ಕುರಿಗಳಲ್ಲಿ ನಡೆಯುತ್ತದೆ. ಅಜ್ಜಿಯಂದಿರಲ್ಲಿ ನಡೆಯುವುದಿಲ್ಲ.

ನಡೆದದ್ದು ಹೇಳಿದೆ. ಮಾವ ಚಾಕು ಹುಲ್ಲಿಗೆ ಒರೆಸುತ್ತ ಕೇಳಿದರು.

"ನಿಂಗೆ ಯಾರೂ ಹೇಳಿಲ್ವಾ?"

"ಏನನ್ನು?"

"ನಿಂಗಾಗ ನಾಲ್ಕು ವರ್ಷ. ಒಂದು ಬೇಸ್ಗೆ ಪೂರ್ತಿ ಇಲ್ಲೇ ಇದ್ದೆ. ನಮ್ಮವ್ವನ ಏಪ್ರನ್ ಹಿಡ್ಕೊಂಡು ತಿರುಗಿದ್ದೇ ತಿರುಗಿದ್ದು. ಥೇಟ್ ನಮ್ ಥರಾನೆ ಬಯ್ತಿದ್ದೆ ಕಣೆ ಟ್ವೀಡ್‌ನ ಅವ್ವನ್ನ! ಆಮೇಲೆ ಅಲ್ಲಿ ಶಾಲೆಗ್ ಹಾಕಿದ್ರು. ನಿನ್ ಬಾಯಿ ಕೇಳಿ ಟೀಚರ್ರು 'ಮಗೂಗೆ ಮಾತಿನ್ ತೊಂದ್ರೆ ಇದೆ' ಅಂತ ಡಾಕ್ಟ್ರ ಹತ್ರ ಕಳ್ಸಿದ್ರಂತೆ. ನಿಮ್ಮಮ್ಮ ಫೋನ್ ಮಾಡಿ ಅತ್ತು ಕರೆದು... 'ಅವ್ವ, ಅವಳ ಜೊತೆ ಇಂಗ್ಲಿಷ್ ಬಿಟ್ಟು ಬೇರೆ ಆಡ್ಬೇಡ' ಅಂದ್ಲು. ನಮ್ಮವ್ವ ಮಾತು ಕೊಟ್ಲು. ಅಷ್ಟೆ."

"ಇಷ್ಟು ವರ್ಷವೂ?"

"ನಮ್ಮವ್ವ ಮಾತು ಕೊಟ್ರೆ ಕೊಟ್ಟಂಗೆ." ಆಮೇಲೆ, "ಅವ್ಳಿಗೂ ಶಾಲೇಲಿ ಅಂಗೈ ಮೇಲೆ ಚರ್ಮದ ಪಟ್ಟಿ ಏಟು ಬಿದ್ದಿತ್ತು, ಮನೆ ಮಾತು ಬಾಯಿಗ್ ಬಂದಿದ್ದಕ್ಕೆ. ಮೊಮ್ಮಗೂಗೂ ಹಂಗೇ ಆಗೋದ್ ಬ್ಯಾಡ ಅಂದ್ಕೊಂಡಿರ್ತಾಳೆ."

ನನಗೆ ಒಂದು ಅಕ್ಷರವೂ ನೆನಪಿಲ್ಲ. ಇಡೀ ಬೇಸಿಗೆ ಆಡಿದ್ದೆನಂತೆ, ಏನೂ ಉಳಿದಿಲ್ಲ. ಗುಡ್ಡದಲ್ಲಿ ಕಲ್ಲು ಕಲ್ಲಿನ ಸಂದಿಯನ್ನೂ ನೋಡಿದೆ. ಹಲ್ಲಿ ಇರಲಿಲ್ಲ. ಬಿಸಿಲು ಬೇಕು ಅವಕ್ಕೆ.


ಏಪ್ರಿಲ್ 14

ಅಜ್ಜಿಯ ಕ್ಷಮೆ ಕೇಳಿದೆ. "ಪರವಾಗಿಲ್ಲ," ಅಂದಳು. ಇಸ್ತ್ರಿ ವಾಪಸ್ಸು ಬಂತು. ಅದೂ ಒಂದು ಸಮಾಧಾನವೇ.


ಏಪ್ರಿಲ್ 15, ಸೋಮವಾರ

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಬೆಳಿಗ್ಗೆ ಅಜ್ಜಿಯೇ ಅಂದಳು, "ನಿನ್ನ ಪರೀಕ್ಷೆಗೆ ನನ್ನ ದನಿ ಬೇಕೆಂದು ಎಕ್ ಹೇಳಿದ. ನೀನು ಉತ್ತೀರ್ಣಳಾಗಬೇಕು. ಆ ಯಂತ್ರವನ್ನು ಇಲ್ಲಿಗೇ ತೆಗೆದುಕೊಂಡು ಬಾ, ಒಲೆಯ ಮೇಲೆ ಸ್ಕೋನ್ ರೊಟ್ಟಿ ಇದೆ." ಮೊದಲ ಸಲ ಅಡುಗೆಮನೆ! ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ರೆಕಾರ್ಡ್ ಒತ್ತಿದೆ. ಅವಳು ಬೆನ್ನು ನೆಟ್ಟಗೆ ಮಾಡಿ, ಕೈ ಮಡಿಲಲ್ಲಿಟ್ಟು, ರೇಡಿಯೋ ವಾರ್ತೆ ಓದುವವರ ಹಾಗೆ:

"ಈ ಪ್ರಾಂತ್ಯದಲ್ಲಿ ಹಲ್ಲಿಯನ್ನು ಆಸ್ಕ್ ಎಂದು ಕರೆಯುವ ರೂಢಿಯಿತ್ತು. ಇದು ನಿರುಪದ್ರವಿಯಾದ ಪ್ರಾಣಿಯಾಗಿದೆ."

ನಿಲ್ಲಿಸಿ, "ಇಷ್ಟು ಸಾಕೇ?" ಅಂದಳು.

ಸಾಲದು ಅಂತ ಹೇಗೆ ಹೇಳಲಿ? "ತುಂಬ ಚೆನ್ನಾಗಿದೆ ಅಜ್ಜಿ," ಅಂದೆ. ಸೀಯುವ ವಾಸನೆ ಬಂತು. ಅವಳು ಏಳುವ ಮೊದಲು ನಾನೇ ಎದ್ದೆ, ಉಪಕಾರ ಮಾಡುವ ಆತುರ. ಕಬ್ಬಿಣದ ಕಾವಲಿಯ ಹಿಡಿಕೆಯನ್ನು ಬರಿಗೈಯಲ್ಲಿ ಹಿಡಿದುಬಿಟ್ಟೆ.

ಕಿರುಚಿದೆನಂತೆ. ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಅಜ್ಜಿ ಮೇಜು ಸುತ್ತಿ ಬಂದ ವೇಗ. ನನ್ನ ಮಣಿಕಟ್ಟು ಹಿಡಿದ ಬಿಗಿ.

"ಅಯ್ಯೋ ನನ್ ಕೂಸೇ! ಸುಟ್ಕೊಂಡ್ಯಾ? ತತ್ತಾ ಇಲ್ಲಿ ಕೈಯ. ತತ್ತಾ ಅಂದ್ರೆ! ನೀರ್ ಬ್ಯಾಡ, ಬೆಣ್ಣೆ ಬ್ಯಾಡ, ಸುಮ್ಕಿರು —"

ಆಮೇಲೆ ಅಂಗೈ ನೆಕ್ಕಿದಳು. ನೆಕ್ಕಿಯೇಬಿಟ್ಟಳು. ಉದ್ದಕ್ಕೆ, ನಿಧಾನಕ್ಕೆ, ಕುರಿ ತನ್ನ ಮರಿಯನ್ನು ನೆಕ್ಕುವ ಹಾಗೆ. ಬೆರಳಿಂದ ಬೆರಳಿಗೆ.

"ಅಳ್ಬ್ಯಾಡ ಕಣವ್ವ. ಈ ನಾಲ್ಗೆ ಅಂಥಿಂಥಾ ನಾಲ್ಗೆ ಅಲ್ಲ, ಆಸ್ಕ್ ನೆಕ್ಕಿದ್ ನಾಲ್ಗೆ. ಏಳ್ ವರ್ಷದವ್ಳಿದ್ದೆ. ನಮ್ಮಣ್ಣ ಡೇವಿ ಜೌಗಿನ್ ದಡದಿಂದ ಮುಷ್ಟೀಲಿ ಹಿಡ್ಕೊಂಡ್ ಬಂದ. 'ನೆಕ್ಕೇ ನೆಟಾ, ತಲೆಯಿಂದ ಬಾಲದ್ ತನ್ಕ. ಸಾಯೋವರ್ಗೂ ಸುಟ್ಗಾಯ ವಾಸಿ ಮಾಡ್ತೀಯ' ಅಂದ. ನೆಕ್ಕದಿದ್ರೆ ಹೇಡಿ ಅನ್ನಲ್ವಾ ಅವ್ನು? ನೆಕ್ದೆ. ತಣ್ಣಗೆ, ಮಣ್ಮಣ್ಣು. ಅದ್ರ ಎದೆ ಡವಡವ ಅಂತಿತ್ತು ನನ್ ನಾಲ್ಗೆ ಮ್ಯಾಲೆ. ಬಾಲಕ್ ಬಂದ್ನೋ ಇಲ್ವೋ, ಆಸ್ಕ್ ಬಾಲ ಬಿಟ್ಬುಟ್ಟು ಓಡೋಯ್ತು! ಬಾಲ ನನ್ ಬಾಯಲ್ಲೇ! ಒದ್ದಾಡ್ತಾ ಅದೆ! ಡೇವಿ ನಕ್ಕೂ ನಕ್ಕೂ ಕೆಸ್ರಲ್ ಬಿದ್ದ..."

ನಗುತ್ತಿದ್ದಳು. ಕಣ್ಣಲ್ಲಿ ನೀರು. ನಾನೂ ಅಳುತ್ತ ನಗುತ್ತಿದ್ದೆ.

"ನಿಮ್ಮವ್ವ ಇದೇ ಒಲೆ ಮ್ಯಾಲೆ ಕೈ ಮಡಗಿದ್ಲು, ಅವ್ಳಿಗೂ ನೆಕ್ಕಿವ್ನಿ. ಎಕ್ಕಂಗೂ. ಸುತ್ತಿನ್ ಹಟ್ಟಿ ಮಕ್ಳೆಲ್ಲಾ ಇಲ್ಗೇ ಬರೋವು. ಈಗ ಯಾರ್ ಬತ್ತಾರೆ, ಎಲ್ಲಾ ಟ್ಯೂಬ್ ಹಚ್ಕೋತಾರೆ. ಉರಿ ಹೋಯ್ತಾ? ಹೇಳು ಕೂಸೇ, ಹೋಯ್ತಾ?"

"ಹೋಯಿತು," ಅಂದೆ. ಸುಳ್ಳಲ್ಲ. ಹೇಗೆ ಅಂತ ಕೇಳಿದರೆ ಗೊತ್ತಿಲ್ಲ.

ಆಗ ಅವಳ ಕಣ್ಣು ಸಕ್ಕರೆ ಡಬ್ಬದ ಮೇಲೆ ಬಿತ್ತು. ಕೆಂಪು ಚುಕ್ಕೆ ಮಿನುಗುತ್ತಿತ್ತು.

ನನ್ನ ಕೈ ಬಿಟ್ಟಳು. ಏಪ್ರನ್ ಸರಿಮಾಡಿಕೊಂಡಳು. ಆ ಮುಖ ಮುಚ್ಚಿಕೊಂಡದ್ದನ್ನು ನೋಡಿದೆ. ಒಳಗಿನಿಂದ ಅಗುಳಿ ಹಾಕಿದ ಹಾಗೆ.

"ಅದು ಇಷ್ಟು ಹೊತ್ತೂ ಕೆಲಸ ಮಾಡುತ್ತಿತ್ತೇ?"

"ನಾನು... ಮರೆತೇಬಿಟ್ಟಿದ್ದೆ ಅಜ್ಜಿ. ನಿಜವಾಗಿ."

"ದಯವಿಟ್ಟು ಅದನ್ನು ಅಳಿಸಿಬಿಡು. ಮೊದಲಿನದನ್ನು ಇಟ್ಟುಕೋ."

"ಆದರೆ ಇದೇ... ಅವರಿಗೆ ಬೇಕಾಗಿರುವುದು ಇದೇ ಅಜ್ಜಿ. ಇದು ತುಂಬ ಸುಂದರವಾಗಿದೆ."

"ಕಲಿತವರು ಕೋಣೆಯಲ್ಲಿ ಕುಳಿತು, ಮುದುಕಿಯೊಬ್ಬಳು ಕೈ ನೆಕ್ಕಿದ್ದನ್ನು ಕೇಳಿ ನಗುತ್ತಾರೆ. ನನ್ನನ್ನು ಕಂಡು ನಕ್ಕವರು ಈಗಾಗಲೇ ಸಾಕಷ್ಟಿದ್ದಾರೆ, ಹ್ಯಾರಿಯೆಟ್. ಮತ್ತು ನಾನು ನಿನ್ನ ತಾಯಿಗೆ ಮಾತು ಕೊಟ್ಟಿದ್ದೇನೆ."

ಎರಡೂ ಒಂದೇ ರೆಕಾರ್ಡಿನಲ್ಲಿದ್ದವು, ಅವಳ ಕಣ್ಣೆದುರೇ ಇಡಿಯಾಗಿ ಅಳಿಸಿದೆ. ಅವಳು ಬಗ್ಗಿ ನೋಡಿ ತಲೆಯಾಡಿಸಿದಳು. ಸ್ಕೋನ್ ಕರಿದಾಗಿತ್ತು. ಕೆರೆದು ಅದನ್ನೇ ತಿಂದೆವು, ಮುಂದಿನ ಕೋಣೆಯಲ್ಲಿ, ಹೂವಿನ ಕಪ್ಪಿನ ಜೊತೆ.


ಏಪ್ರಿಲ್ 16

ಬಸ್ಸಿನಲ್ಲಿ. ಮುಂಬಾಗಿಲಿಂದಲೇ ಕಳಿಸಿಕೊಟ್ಟಳು. ಬಟ್ಟೆಯ ಸುರುಳಿಯನ್ನು ಮತ್ತೆ ಬುಡಕ್ಕೆ ಒತ್ತಿದ್ದು ಹೊರಗೆ ನಿಂತಾಗ ಕೇಳಿಸಿತು.


ಏಪ್ರಿಲ್ 22

ಅದು ಹೋಗಿಲ್ಲ.

ಬೇರೇನೋ ಹುಡುಕುತ್ತಿದ್ದೆ. ಫೋನಿನಲ್ಲಿ "ಇತ್ತೀಚೆಗೆ ಅಳಿಸಿದ್ದು" ಅಂತ ಒಂದು ಮೂಲೆ. ಅಳಿಸಿದ್ದೆಲ್ಲ ಒಂದು ತಿಂಗಳು ಅಲ್ಲಿ ಬಿದ್ದಿರುತ್ತದಂತೆ. ಅಜ್ಜಿ ಅಲ್ಲಿದ್ದಾಳೆ. ಒಂದು ಬೆರಳು ಒತ್ತಿದರೆ ಎದ್ದು ಬರುತ್ತಾಳೆ.

ಕೇಳಲಿಲ್ಲ. ಕೇಳುವುದಿಲ್ಲ.

ಒಪ್ಪಿಗೆ? ಮೊದಲು ತಾನಾಗಿ ಹೇಳಿ "ಇಷ್ಟು ಸಾಕೇ?" ಅಂದಿದ್ದಾಳಲ್ಲ. ಅದೂ ರೆಕಾರ್ಡ್ ಆಗಿದೆ. ಅಷ್ಟನ್ನು ಕತ್ತರಿಸಿ ಜೋಡಿಸಿದರೆ... ಗಿಲ್‌ಕ್ರಿಸ್ಟ್‌ಗೆ ಗೊತ್ತಾಗುವುದಿಲ್ಲ. ಅಜ್ಜಿಗೂ ಗೊತ್ತಾಗುವುದಿಲ್ಲ. ಅವಳೇನು ಗ್ಲಾಸ್ಗೋಗೆ ಬರುತ್ತಾಳಾ?

ಹೀಗೆಲ್ಲ ಯೋಚಿಸುವವಳು ನಾನು ಅಂತ ಈಗ ಗೊತ್ತಾಯಿತು.


ಏಪ್ರಿಲ್ 25

ಕೇಳಿದೆ. ಮೂರು ಸಲ. ದುಪ್ಪಟಿಯ ಒಳಗೆ.

ಅಮ್ಮನಿಗೆ ಫೋನ್ ಮಾಡಿದೆ. ಬೈಯಬೇಕು ಅಂತಲೇ ಮಾಡಿದ್ದು. ನಾಲ್ಕು ವರ್ಷದ ನನ್ನ ಬಾಯಿಯ ಮೇಲೆ ತೀರ್ಮಾನ ಮಾಡಲು ನೀನು ಯಾರು ಅಂತ. ಅವಳು ಎಂದಿನ ಸರ್ರೆ ದನಿಯಲ್ಲಿ, "ಡಾರ್ಲಿಂಗ್, ನಿನ್ನ ಒಳ್ಳೆಯದಕ್ಕೇ —" ಅಂತ ಶುರುಮಾಡಿದಳು. ನಾನು ತಡೆದು ಹೇಳಿದೆ: "ಕೈ ಸುಟ್ಟುಕೊಂಡೆ. ಅಜ್ಜಿ ನೆಕ್ಕಿದಳು."

ಆ ಕಡೆ ಕುರ್ಚಿ ಎಳೆದ ಸದ್ದು.

ಆಮೇಲೆ ಒಂದು ದನಿ ಬಂತು, ನಾನು ಹುಟ್ಟಿದಾಗಿನಿಂದ ಕೇಳಿಲ್ಲದ್ದು: "ನಂಗೂ ನೆಕ್ಕಿದ್ಲು ಕಣೇ. ಎರಡ್ ಕೈಗೂ."

ಮತ್ತೇನೂ ಹೇಳದೆ ಇಟ್ಟುಬಿಟ್ಟಳು.


ಏಪ್ರಿಲ್ 29, ಸೋಮವಾರ. ಬೆಳಿಗ್ಗೆ

ಅದನ್ನು ವಾಪಸ್ಸು ತೆಗೆದಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗಿದೆ. ಹಾಕುತ್ತೇನೆ. ಒಂದು ನಿಮಿಷದ ಮಾತು, ಒಂದು ವರ್ಷದ ಓದು. ಪಾಸಾದ ಮೇಲೆ ಅವಳ ಕಾಲು ಹಿಡಿದರಾಯಿತು.


ಅದೇ ದಿನ, ಸಂಜೆ

ಮೊರ್ವೆನ್ ನನಗಿಂತ ಮೊದಲು. ಅವಳ ತಾತನ ದನಿ ಹಾಕಿದಳು. ಮಳೆಯಲ್ಲಿ ಪ್ಯಾಂಟು ಒಗೆದು ಒಣಹಾಕಿ ಮರೆತದ್ದು, ಏನೋ ಚಂದದ ಮಾತು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ. ಪ್ರೀತಿಯ ನಗುವೇ. ಮೊರ್ವೆನ್ ಕೂಡ ಹೆಮ್ಮೆಯಿಂದ ನಕ್ಕಳು. ಆದರೆ ಆ ತಾತ ಮೊಮ್ಮಗಳಿಗೆ ಅಂತಲೇ ಕೊಟ್ಟದ್ದು ಅದು. ನನ್ನ ಮಡಿಲಲ್ಲಿದ್ದದ್ದು ಯಾರೂ ಕೊಟ್ಟದ್ದಲ್ಲ.

ನನ್ನ ಹೆಸರು ಕರೆಯುವ ಮೊದಲು ಫೋನು, ಲ್ಯಾಪ್‌ಟಾಪು ಎರಡು ಕಡೆಯಿಂದಲೂ ಅಳಿಸಿದೆ. ಆ ಮೂಲೆಗೂ ಹೋಗಿ ಅಲ್ಲಿಂದಲೂ. ಬೆರಳು ತೇವವಾಗಿ ಎರಡು ಸಲ ಒತ್ತಬೇಕಾಯಿತು.

ಚರಿತ್ರೆಯೆಲ್ಲ ಹೇಳಿದೆ. ಉದುರಿದ ಸದ್ದು, ಜರ್ಮನಿಯ ನೆಂಟ, ಹಳೆಯ ಪದ್ಯ, ಕಾಯುವವನು. ಚೆನ್ನಾಗಿಯೇ ಹೇಳಿದೆ.

"ದನಿ ಎಲ್ಲಿ?" ಅಂದರು ಗಿಲ್‌ಕ್ರಿಸ್ಟ್.

"ಇಲ್ಲ."

"ಯಾರೂ ಸಿಗಲಿಲ್ಲವೆ?"

"ಸಿಕ್ಕರು. ಆದರೆ ಅದು ಅವರದು."

ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿಯಮ ನಿಮಗೆ ಗೊತ್ತಲ್ಲ, ಹ್ಯಾರಿಯೆಟ್. ನಾನು ಏನೂ ಮಾಡುವ ಹಾಗಿಲ್ಲ."

"ಗೊತ್ತು."

ಹೊರಗೆ ಮೊರ್ವೆನ್ ಕಾಯುತ್ತಿದ್ದಳು. "ನಿಂಗೇನ್ ತಲೆಗಿಲೆ ಕೆಟ್ಟಿದೆಯಾ? ಯಾರನ್ನಾದ್ರೂ ಕೇಳಿದ್ರೆ ಆಗ್ತಿತ್ತು. ನನ್ನನ್ನೇ ಕೇಳ್ಬೋದಿತ್ತಲ್ಲೇ, ನಮ್ಮ ತಾತಂಗೆ ಹಲ್ಲಿ ಗೊತ್ತಿಲ್ದೆ ಇರ್ತಿತ್ತಾ?" ನಿಜವಾಗಿ ಕೋಪ ಬಂದಿತ್ತು ಅವಳಿಗೆ. ಆಮೇಲೆ, "ಬಾ, ಟೋಸ್ಟ್ ತಿನ್ನೋಣ. ಜಾಮ್ ಹಾಕ್ಕೊಂಡು," ಅಂದಳು. ನಾನು ಬರೀ ಟೋಸ್ಟು ತಿನ್ನುವುದನ್ನು ನೋಡುತ್ತಿದ್ದಳಾ ಇಷ್ಟು ದಿನವೂ?


ಮೇ 17

ಫೇಲ್. ಗಿಲ್‌ಕ್ರಿಸ್ಟ್ ಆಗಸ್ಟಿನಲ್ಲಿ ಇನ್ನೊಂದು ಅವಕಾಶ ಕೊಡಿಸಿದ್ದಾರೆ. ಅದೇ ಪದ, ದನಿಯ ಜೊತೆ. ಅದೂ ಇಲ್ಲವಾದರೆ ಸರ್ರೆ.

ಅಪ್ಪ ಫೋನಿನಲ್ಲಿ ನಿಟ್ಟುಸಿರು ಬಿಟ್ಟರು. ಅವರ ನಿಟ್ಟುಸಿರಿಗೂ ಒಳ್ಳೆಯ ಉಚ್ಚಾರಣೆ ಇದೆ.

ಎಕ್ ಮಾವನಿಂದ ಒಂದು ಸಾಲಿನ ಮೆಸೇಜು, ಪೇಟೆಗೆ ಬಂದಾಗ ಕಳಿಸಿದ್ದು: "ನಿಮ್ಮಮ್ಮ ಅವ್ವಂಗೆ ಫೋನ್ ಮಾಡಿದ್ಲು, ಆ ಕೊಟ್ಟ ಮಾತಿನ್ ವಿಷ್ಯಕ್ಕೆ ಇಬ್ರೂ ಎರಡ್ ಗಂಟೆ ಕಿರುಚಾಡಿದ್ರು, ನಂಗೆ ರಾತ್ರಿ ಊಟ ಇಲ್ಲ. ಉಣ್ಣೆ ಕತ್ತರ್ಸೋಕೆ ಕೈ ಬೇಕು, ಬಾ."


ಜೂನ್ 8, ಶನಿವಾರ

ನಿನ್ನೆ ಬಂದೆ. ಬಿಸಿಲು.

ಮಾವ ಪಿಕಪ್ಪು ನಿಲ್ಲಿಸಿದ್ದು ಎಂದಿನ ಹಾಗೆ ಮುಂದೆಯೇ. ಚೀಲ ಹಿಡಿದು ಮುಂಬಾಗಿಲ ಮುಂದೆ ನಿಂತೆ. ಸುರುಳಿ ಎಳೆಯುವ ಸದ್ದಿಗೆ ಕಾದೆ. ಬರಲಿಲ್ಲ. ಮನೆಯಲ್ಲಿ ಇಲ್ಲವೇನೋ. ಅಥವಾ ಇನ್ನೂ ಕೋಪ. ತಟ್ಟಲೋ ಬೇಡವೋ. ಎಷ್ಟು ಹೊತ್ತು ನಿಂತಿದ್ದೆನೋ, ಬೆನ್ನು ಬೆವರಿತು.

ಮನೆಯ ಹಿಂದಿನಿಂದ ದನಿ ಬಂತು. ಆ ದನಿ. ದಪ್ಪದ್ದು.

"ಅದ್ಯಾಕೆ ಅಲ್ ನಿಂತಿದ್ದೀಯೇ, ಹೆಣ ಹೊರೋಕ್ ಬಂದೋರಂಗೆ? ಹಿತ್ಲಿಂದ ಬಾರೇ! ಪಾದ್ರಿ ಅನ್ಕೊಂಡ್ಯಾ ನಿನ್ನ?"

ಟ್ವೀಡ್ ಮುಂದೆ ಓಡಿತು, ನಾನು ಹಿಂದೆ. ಹಿಂಬಾಗಿಲ ಹೊಸಿಲು ಇಷ್ಟು ತಗ್ಗು ಅಂತ ಗೊತ್ತಿರಲಿಲ್ಲ. ಎಡವಿ ಒಳಗೆ ಹೋದೆ. ಅಜ್ಜಿ ಏಪ್ರನ್ ಬಿಚ್ಚಿರಲಿಲ್ಲ. ಮೊದಲು ನನ್ನ ಅಂಗೈ ತಿರುಗಿಸಿ ಬೆಳಕಿಗೆ ಹಿಡಿದು ನೋಡಿದಳು. ಕಲೆ ಇಲ್ಲ. "ನೋಡ್ದಾ?" ಅಂದಳು, ನನಗಲ್ಲ, ಮಾವನಿಗೆ.

ನಾನು ನನ್ನ ದನಿಯಲ್ಲೇ ಮಾತಾಡುತ್ತೇನೆ, ಅವಳು ಅವಳದರಲ್ಲಿ. ಅರ್ಧ ಅರ್ಥವಾಗುವುದಿಲ್ಲ. ಕೇಳಿದರೆ, "ತಲೇಲಿ ಏನ್ ಹುಲ್ ತುಂಬ್ಕೊಂಡಿದ್ದೀಯ?" ಅಂತಾಳೆ. ಅವಳ ಬಾಯಲ್ಲಿ ಬೈಗುಳ ತಿನ್ನುವುದು ಇಷ್ಟು ಸುಖ ಅಂತ ಗೊತ್ತಿರಲಿಲ್ಲ. ಆ ಪದ ಮಾತ್ರ ಇನ್ನೂ ಬಂದಿಲ್ಲ. ನಾನು ಕೇಳಿಲ್ಲ. ಕೇಳುವುದೂ ಇಲ್ಲ. ಫೋನು ಚೀಲದ ತಳದಲ್ಲಿದೆ, ಆಫ್ ಮಾಡಿ ಇಟ್ಟಿದ್ದೇನೆ. ಆಗಸ್ಟ್ ಬರುತ್ತದೆ. ಹೆದರಿಕೆ ಇದೆ.

ಈಗ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಜ್ಜಿ ಬಟ್ಟೆ ಒಣಹಾಕಲು ಹಿತ್ತಲಿಗೆ ಹೋಗಿದ್ದಾಳೆ. ಹ್ಯಾರಿಯೆಟ್ ಬಿಟ್ಟು ಹ್ಯಾಟೀ ಅಂತ ಕೂಗುತ್ತಿದ್ದಾಳೆ. ಪಿಸುದನಿಯಲ್ಲಿ ಕೂಗುವುದು ಅವಳಿಗೆ ಮಾತ್ರ ಬರುತ್ತದೆ —

"ಹ್ಯಾಟೀ! ಏ ಹ್ಯಾಟೀ! ಸದ್ದ್ ಮಾಡ್ದೆ ಬಾರೇ. ಗ್ವಾಡೆ ಮ್ಯಾಲೆ ಆಸ್ಕ್ ಬಿಸ್ಲ್ ಕಾಯ್ತಾ ಕೂತದೆ, ಬೆರಳುದ್ದ! ಆ ನಿನ್ ಡಬ್ಬೀನೂ ಬೇಕಿದ್ರೆ ತತ್ತಾ, ನಂಗೇನ್ ಹೋಗ್ಬೇಕು. ಆದ್ರೆ ನೆಕ್ಕೋಳ್ ನೀನೇ, ಈಗ್ಲೇ ಹೇಳಿವ್ನಿ —"

ಚೀಲದ ತಳ. ಫೋನು. ಬೇಡ, ಮೊದಲು ಹಲ್ಲಿ. ಅಲ್ಲ, ಎರಡೂ. ಅದು ಓಡಿಹೋಗುವ ಮುನ್ನ